ಅನುಭವದ ಕಲಂನಲ್ಲಿ ‘ಇಲ್ಲ’: ಅವಳಿನಗರದ ಒಂದು ಸಂಶೋಧನಾ ಕಚೇರಿಯ ಪ್ರಕರಣ

ಏಪ್ರಿಲ್ ತಿಂಗಳ ಒಂದು ಬುಧವಾರ. ಮಧ್ಯಾಹ್ನ ಮೂರೂವರೆ ಆಗಿತ್ತು. ರಕ್ತದ ಟ್ಯೂಬುಗಳನ್ನು ಜೋರಾಗಿ ತಿರುಗಿಸುವ ಯಂತ್ರ, ಸೆಂಟ್ರಿಫ್ಯೂಜ್, ನಿಂತ ಮೇಲೆ ನಮ್ಮ ಟೆಕ್ನಿಷಿಯನ್ ಹುಡುಗಿ ಮುಚ್ಚಳ ತೆಗೆದು ಟ್ಯೂಬುಗಳನ್ನು ನಂಬರಿನ ಪ್ರಕಾರ ಸ್ಟ್ಯಾಂಡಿಗೆ ಇಡುತ್ತಿದ್ದಳು. ರಕ್ತ ಹೆಪ್ಪುಗಟ್ಟಿ ಕೆಳಗೆ ಕೂತು, ಮೇಲೆ ತಿಳಿ ಸೀರಮ್ ನಿಲ್ಲಬೇಕು. ಅದರ ಬಣ್ಣ ತೆಳು ಹಳದಿ, ಒಣಗಿದ ಜೋಳದ ದಂಟಿನ ಹಾಗೆ. ಆವತ್ತು ಮೊದಲ ನಾಲ್ಕು ಟ್ಯೂಬ್ ಹಾಗೇ ಇದ್ದವು. ಐದನೆಯದು ಗುಲಾಬಿ. ಆರನೆಯದು ಕೋಕಮ್ ಶರಬತ್ತಿನ ಕೆಂಪು. ಏಳು, ಎಂಟು ಕೂಡ ಕೆಂಪು. ಆಕೆ ಒಂಬತ್ತನೆಯದನ್ನು ಕೈಯಲ್ಲೇ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟಳು.

ಸೀರಮ್ ಕೆಂಪಾಗಿದೆ ಅಂದರೆ ಕೆಂಪು ರಕ್ತಕಣಗಳು ಒಡೆದಿವೆ ಎಂದರ್ಥ. ಲ್ಯಾಬಿನವರು ಇದಕ್ಕೆ ಹಿಮೋಲಿಸಿಸ್ ಅನ್ನುತ್ತಾರೆ. ನಾವು ಅಳೆಯುತ್ತಿದ್ದುದು ಫೆರಿಟಿನ್. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ. ರಕ್ತಕಣದ ಒಳಗೂ ಸ್ವಲ್ಪ ಫೆರಿಟಿನ್ ಇರುತ್ತದೆ. ಕಣ ಒಡೆದು ಅದೂ ಸೀರಮ್ಮಿಗೆ ಬೆರೆತರೆ ಬಂದ ಅಂಕಿಯನ್ನು ನಂಬುವ ಹಾಗಿಲ್ಲ. ಹಾಗಾಗಿ ಕೆಂಪು ಟ್ಯೂಬುಗಳನ್ನು ತಿರಸ್ಕರಿಸಬೇಕು. ಮತ್ತೆ ಆ ಹಳ್ಳಿಗೆ ಹೋಗಬೇಕು, ಅದೇ ಗರ್ಭಿಣಿಯ ತೋಳಿಗೆ ಇನ್ನೊಂದು ಸಲ ಚುಚ್ಚಬೇಕು.

ಇದನ್ನು ಬರೆಯುತ್ತಿರುವ ನಾನು ಆ ಕಚೇರಿಯಲ್ಲಿ ಪ್ರಾಜೆಕ್ಟ್ ಸಂಯೋಜಕಿ. ಹುಬ್ಬಳ್ಳಿ-ಧಾರವಾಡದ ಒಂದು ಸರ್ಕಾರಿ ವೈದ್ಯಕೀಯ ಸಂಶೋಧನಾ ಘಟಕ. ಹೆಸರು ಬೇಡ. ತಪ್ಪು ನಮ್ಮದೇ, ಅದರಲ್ಲಿ ನನ್ನ ಪಾಲು ಜಾಸ್ತಿಯೇ ಇದೆ. ಇಂಥ ಕಚೇರಿಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಅಲ್ಲಿಗೆ ಬರುವ ಮೊದಲು ಏನು ಮಾಡುತ್ತಿದ್ದರು ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಳಗಿದ್ದ ನಮಗೂ ಗೊತ್ತಿರಲಿಲ್ಲ ಅಂತ ಆ ಏಪ್ರಿಲ್‌ನಲ್ಲಿ ತಿಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಧ್ಯಯನದ ವಿಷಯ ಗರ್ಭಿಣಿಯರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಜನರಿಗೆ ರಕ್ತಹೀನತೆ ಇದೆ. ಅಂದರೆ ಹಿಮೋಗ್ಲೋಬಿನ್ ಒಂದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಗರ್ಭಿಣಿಯರು 180 ದಿನ ನುಂಗಬೇಕು. ಮಾತ್ರೆ ಮನೆಗೆ ಬರುತ್ತದೆ, ಆದರೂ ರಕ್ತ ಏರುವುದಿಲ್ಲ. ಯಾಕೆ? ಅದನ್ನು ತಿಳಿಯಲು ಒಬ್ಬೊಬ್ಬರ ರಕ್ತವನ್ನು ಬೇರೆ ಬೇರೆ ತಿಂಗಳಲ್ಲಿ ಮೂರು ಸಲ ಪರೀಕ್ಷಿಸಬೇಕಿತ್ತು. ಮೊದಲು ಪೇಟೆಯ ಸುತ್ತಮುತ್ತ ಮಾಡಿದೆವು. ಆಮೇಲೆ ಕಲಘಟಗಿ ಕಡೆಯ ಹಳ್ಳಿಗಳನ್ನು ಸೇರಿಸಿಕೊಂಡೆವು.

ಕಚೇರಿಯ ಮಂದಿ

ನಮ್ಮ ದೇಶದಲ್ಲಿ ಇಂಥ ಸಂಶೋಧನೆಯ ದೊಡ್ಡ ಮನೆ ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಅಂತ ಶುರುವಾಗಿ, 1949ರಲ್ಲಿ ಈಗಿನ ಹೆಸರು ಪಡೆಯಿತು. ಆರೋಗ್ಯ ಸಚಿವಾಲಯದಲ್ಲಿ ಆರೋಗ್ಯ ಸಂಶೋಧನೆಗೇ ಬೇರೆ ಇಲಾಖೆ ಆದದ್ದು 2007ರಲ್ಲಿ. ನಮ್ಮ ಪಕ್ಕದ ಬೆಳಗಾವಿಯಲ್ಲೇ ಮಂಡಳಿಯ ಒಂದು ಸಂಸ್ಥೆ ಇದೆ, ಪಾರಂಪರಿಕ ವೈದ್ಯದ ಮೇಲೆ ಕೆಲಸ ಮಾಡುತ್ತದೆ. ಅಲ್ಲೆಲ್ಲ ಕಾಯಂ ವಿಜ್ಞಾನಿಗಳಿರುತ್ತಾರೆ. ನಮ್ಮಂಥ ಚಿಕ್ಕ ಘಟಕದಲ್ಲಿ ಕಾಯಂ ನೌಕರಿ ಇರುವುದು ಪ್ರಧಾನ ಸಂಶೋಧಕರಿಗೆ ಮಾತ್ರ. ಉಳಿದವರೆಲ್ಲ ಪ್ರಾಜೆಕ್ಟ್ ಇರುವತನಕ.

2023ರಲ್ಲಿ ಮಂಡಳಿ ಪ್ರಾಜೆಕ್ಟ್ ಹುದ್ದೆಗಳ ಹೆಸರು ಬದಲಿಸಿತು. ಈಗ ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್ 1, 2, 3 ಅಂತ ಒಂದು ಸಾಲು. ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್ 1, 2, 3 ಅಂತ ಇನ್ನೊಂದು ಸಾಲು. ಎರಡನೇ ಸಾಲಿನಲ್ಲಿ ಒಂದಕ್ಕೆ ಹತ್ತನೇ ತರಗತಿ ಮತ್ತು ಡಿಪ್ಲೊಮಾ ಬೇಕು, ಎರಡಕ್ಕೆ ವಿಜ್ಞಾನದ ಪಿಯುಸಿ ಮತ್ತು ಡಿಪ್ಲೊಮಾ, ಮೂರಕ್ಕೆ ಪದವಿ. ಜೊತೆಗೆ ಇಂತಿಷ್ಟು ವರ್ಷದ ಅನುಭವ. ಅದೂ ‘ಸಂಬಂಧಿತ ಕ್ಷೇತ್ರದಲ್ಲಿ’ ಆಗಿರಬೇಕು, ಪ್ರಮಾಣಪತ್ರ ಇರಬೇಕು. ಈ ಎರಡು ಷರತ್ತು ನೆನಪಿರಲಿ. ಮುಂದೆ ಬರುತ್ತವೆ.

ನಮ್ಮ ಪ್ರಧಾನ ಸಂಶೋಧಕರು ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದ ಡಾಕ್ಟರು. ಬೆಳಿಗ್ಗೆ ಪಾಠ, ಆಮೇಲೆ ಮೀಟಿಂಗು, ಪರೀಕ್ಷೆ ಡ್ಯೂಟಿ. ಸಂಶೋಧನೆಗೆ ಅವರಿಗೆ ಸಿಗುತ್ತಿದ್ದುದು ಸಂಜೆ ಐದರ ಮೇಲಿನ ಹೊತ್ತು. ಲ್ಯಾಬ್ ನೋಡಿಕೊಳ್ಳುತ್ತಿದ್ದವರು ನಮ್ಮ ಸೈಂಟಿಸ್ಟ್ ಸರ್. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಪಿಎಚ್‌ಡಿ. ಇಲ್ಲಿಗೆ ಬರುವ ಮೊದಲು ಹಲವು ವರ್ಷ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ಸಾಮಾನು ಇಲ್ಲದ ಪ್ರಯೋಗಾಲಯದಲ್ಲಿ ಬೀಕರು, ನೀರು, ಒಂದು ಥರ್ಮಾಮೀಟರ್ ಇಟ್ಟುಕೊಂಡೇ ಮಕ್ಕಳಿಗೆ ಪಾಠ ತೋರಿಸಿದವರು. ಟೆಕ್ನಿಷಿಯನ್ ಗದಗಿನವಳು, ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಡಿಎಂಎಲ್‌ಟಿ ಮುಗಿಸಿ ಖಾಸಗಿ ಲ್ಯಾಬಿನಲ್ಲಿ ದುಡಿದು ಬಂದವಳು. ಹಸುಗೂಸಿನ ಕೈಯಲ್ಲೂ ನರ ಹುಡುಕುವಷ್ಟು ಕೈ ಪಳಗಿತ್ತು.

ಡೇಟಾ ಎಂಟ್ರಿ ಮಾಡುವ ತಮ್ಮ ಹಾವೇರಿಯವನು. ಹಿಂದೆ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಕೂಡಿಸುತ್ತಿದ್ದ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರಿದ್ದರೆ ಅಡ್ಡಹೆಸರು, ಗಂಡನ ಹೆಸರು, ಓಣಿ ಕೇಳಿ ಬೇರೆ ಮಾಡುವುದು ಅವನಿಗೆ ಅಲ್ಲಿಂದಲೇ ರೂಢಿ. ಅವನಿಂದಾಗಿ ನಮ್ಮಲ್ಲಿ ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಹೋದದ್ದು ಒಮ್ಮೆಯೂ ಇಲ್ಲ.

ಲೆಕ್ಕ ಬರೆಯುವ ಅಕ್ಕನವರು ಗದಗ ತಾಲೂಕಿನವರು. ಹಳ್ಳಿಯ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡಿದವರು. ಆ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು, ನಮ್ಮ ಅಕ್ಕನವರು ಅದನ್ನು ತಮ್ಮ ಮನೆತನದ ಸುದ್ದಿಯ ಹಾಗೆ ಹೇಳುತ್ತಾರೆ. ಸಂಘದ ಲೆಕ್ಕ ಅಂದರೆ ಯಾರು ಯಾವ ದಿನ ಎಷ್ಟು ತೆಗೆದರು, ಯಾಕೆ ತೆಗೆದರು ಅನ್ನುವುದು. ಅಂಕಿ ನೋಡಿದರೆ ಅದರ ಹಿಂದಿನ ಮನುಷ್ಯರ ನೆನಪಾಗುವುದು ಅವರ ಅಭ್ಯಾಸ.

ಕೊನೆಯವರು ಫೀಲ್ಡ್ ಸಹಾಯಕ ಅಣ್ಣ. ವಯಸ್ಸು ನಲವತ್ತರ ಮೇಲೆ. ಹತ್ತನೇ ತರಗತಿ ಪಾಸು. ಹೊರಗುತ್ತಿಗೆ. ಡಬ್ಬಿ ಹೊರುವುದು, ಐಸ್ ಪ್ಯಾಕ್ ತುಂಬುವುದು, ಗಾಡಿ ಓಡಿಸುವುದು, ಹಳ್ಳಿಯಲ್ಲಿ ಆಶಾ ಅಕ್ಕನವರನ್ನು ಹುಡುಕಿ ಕರೆತರುವುದು ಅವರ ಕೆಲಸ. ಅವರು ಸೇರಿದ ದಿನ ಮಾಹಿತಿ ಫಾರಂ ತುಂಬಿಸಿದವಳು ನಾನು. ‘ಹಿಂದೆ ಎಲ್ಲಿ ಕೆಲಸ ಮಾಡಿದ್ರಿ?’ ಅಂತ ಕೇಳಿದ್ದೆ. ‘ಆಸ್ಪತ್ರಿ ಲಸಿಕಿ ಡಬ್ಬಿ ಒಯ್ತಿದ್ದೆರಿ, ಬೈಕ್ ಮ್ಯಾಲೆ’ ಅಂದಿದ್ದರು. ‘ಸರ್ಟಿಫಿಕೇಟ್ ಇದೆಯಾ?’ ಅಂದೆ. ಇರಲಿಲ್ಲ. ಅನುಭವದ ಕಲಂನಲ್ಲಿ ‘ಇಲ್ಲ’ ಅಂತ ಬರೆದೆ. ಸಹಿ ಹಾಕಿಸಿಕೊಂಡೆ.

ಕೆಂಪು ಟ್ಯೂಬಿನ ಹಿಂದೆ

ಆ ಬುಧವಾರದ ಮುಂಚೆಯೂ ಒಂದೆರಡು ಸಲ ಹೀಗೆ ಆಗಿತ್ತು. ಎಲ್ಲೋ ಕೈತಪ್ಪಿರಬೇಕು ಅಂದುಕೊಂಡಿದ್ದೆವು. ಈಗ ಸೈಂಟಿಸ್ಟ್ ಸರ್ ಕೂತು ಪಟ್ಟಿ ಮಾಡಿದರು. ರಕ್ತಕಣ ಒಡೆಯಲು ಕಾರಣ ಹಲವು ಇರುತ್ತವೆ. ಹಚ್ಚಿದ ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ ಆಗುತ್ತದೆ. ತೋಳಿಗೆ ಕಟ್ಟಿದ ಪಟ್ಟಿಯನ್ನು ಬಹಳ ಹೊತ್ತು ಬಿಟ್ಟರೆ ಆಗುತ್ತದೆ. ಸೂಜಿ ತೀರ ಸಣ್ಣದಾದರೆ, ಸಿರಿಂಜಿನಿಂದ ಟ್ಯೂಬಿಗೆ ರಕ್ತವನ್ನು ಜೋರಾಗಿ ಒತ್ತಿದರೆ, ಟ್ಯೂಬನ್ನು ಮೆಲ್ಲಗೆ ತಿರುವಿ ಹಾಕುವ ಬದಲು ಕುಲುಕಿದರೆ ಕೂಡ ಆಗುತ್ತದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಎಲ್ಲವೂ ರಕ್ತ ತೆಗೆಯುವವಳ ಕೈಗೆ ಬಂದು ನಿಲ್ಲುತ್ತವೆ, ಅಲ್ವಾ?

ನಾವೂ ಅಲ್ಲೇ ಬಂದು ನಿಂತೆವು.

ಡೇಟಾ ತಮ್ಮ ಇನ್ನೊಂದು ಸಂಗತಿ ತೋರಿಸಿದ. ಅವನ ಹಾಳೆಯಲ್ಲಿ ತಿರಸ್ಕೃತ ನಂಬರುಗಳೆಲ್ಲ ಆಯಾ ದಿನದ ಕೊನೆಯ ನಂಬರುಗಳು. ಮೊದಲು ತೆಗೆದ ರಕ್ತ ಚೆನ್ನಾಗಿದೆ, ಕೊನೆಗೆ ತೆಗೆದದ್ದು ಕೆಟ್ಟಿದೆ. ನಾವು ಅದನ್ನು ಓದಿದ್ದು ಹೀಗೆ: ಮಧ್ಯಾಹ್ನ ಆಗುತ್ತಾ ಹುಡುಗಿ ದಣಿಯುತ್ತಾಳೆ, ಬಿಸಿಲು, ವಾಪಸ್ ಹೋಗುವ ಅವಸರ, ಕೈ ಒರಟಾಗುತ್ತದೆ. ಎಷ್ಟು ಸರಿಯಾಗಿ ಹೊಂದಿಕೆಯಾಯಿತು! ಅಂಕಿ ಅಂಶವೇ ಹೇಳುತ್ತಿದೆ ಅಂದುಕೊಂಡೆವು. ಸೈಂಟಿಸ್ಟ್ ಸರ್ ಎದುರಿಗೆ ಆಕೆ ರಕ್ತ ತೆಗೆದು ತೋರಿಸಿದಳು. ಸ್ಪಿರಿಟ್ ಆರುವತನಕ ಕಾದಳು. 21 ಗೇಜಿನ ಸೂಜಿ, ರಕ್ತ ತಾನೇ ಎಳೆದುಕೊಳ್ಳುವ ವ್ಯಾಕ್ಯೂಮ್ ಟ್ಯೂಬ್. ಒಂದು ನಿಮಿಷದೊಳಗೆ ಪಟ್ಟಿ ಬಿಚ್ಚಿದಳು. ಒಂದು ತಪ್ಪೂ ಕಾಣಲಿಲ್ಲ. ಆದರೂ ‘ಇಲ್ಲಿ ಸರಿ ಮಾಡ್ತಾಳೆ, ಹಳ್ಳಿಯಲ್ಲಿ ಹೇಗೋ’ ಅನ್ನುವ ಮಾತು ಉಳಿಯಿತು.

ಆಕೆಯನ್ನು ಫೀಲ್ಡಿನಿಂದ ತೆಗೆದು ಬೇರೆಯವರನ್ನು ಕಳಿಸಬೇಕು ಅನ್ನುವ ಟಿಪ್ಪಣಿ ಬರೆದವಳು ನಾನು. ಅದು ಆಕೆಯ ಫೈಲಿಗೆ ಸೇರುತ್ತದೆ, ಮುಂದಿನ ವರ್ಷದ ನವೀಕರಣದ ಹೊತ್ತಿಗೆ ಯಾರೋ ತೆಗೆದು ಓದುತ್ತಾರೆ ಅಂತ ಗೊತ್ತಿದ್ದೂ ಬರೆದೆ.

ಇತ್ತ ಹಳ್ಳಿಯಲ್ಲಿ ಬೇರೆಯದೇ ಸಂಕಟ. ಎರಡನೇ ಸಲ ರಕ್ತ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಗರ್ಭಿಣಿ ಸೊಸೆ ಕಟ್ಟೆಯ ಮೇಲೆ ತೋಳು ಚಾಚಿ ಕೂತಿದ್ದಳು. ಮೊದಲ ಸಲ ಚುಚ್ಚಿದ ಕಡೆ ಕಂದಿದ ಕಲೆ ಇನ್ನೂ ಮಾಸಿರಲಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತರು. ‘ಮೈಯಾಗ ರಕ್ತ ಇಲ್ಲಂತ ನೀವ ಹೇಳ್ತೀರಿ. ಮತ್ತ ನೀವ ಬಂದು ಬಂದು ತಗೊಂಡು ಹೊಂಟೀರಿ. ಇದೆಂಥಾ ನ್ಯಾಯ ತಂಗಿ?’ ಅಂದರು. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿದರು. ನಾನು ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಓದಿದವಳು, ಸ್ವಸಹಾಯ ಸಂಘಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟೆಕ್ನಿಷಿಯನ್ ಹುಡುಗಿ ತಲೆ ತಗ್ಗಿಸಿಕೊಂಡು ಆ ತೋಳಿನ ಮೇಲೆ ಬೆರಳಿಟ್ಟು ನರ ನೋಡುತ್ತಿದ್ದಳು.

ಪ್ರಯಾಣ ಭತ್ಯೆಯ (ಟಿಎ) ಬಿಲ್

ಬಿಚ್ಚಿಕೊಂಡದ್ದು ಲ್ಯಾಬಿನಲ್ಲಿ ಅಲ್ಲ, ಲೆಕ್ಕದ ಟೇಬಲ್ಲಿನ ಮೇಲೆ.

ತಿಂಗಳ ಕೊನೆ. ಫೀಲ್ಡ್ ಅಣ್ಣ ಡೀಸೆಲ್ ಚೀಟಿ, ಟ್ರಿಪ್ ಶೀಟ್ ಹಿಡಿದು ಬಂದಿದ್ದರು. ಅಕ್ಕನವರು ಅವನ್ನು ಹಳೆಯ ತಿಂಗಳುಗಳ ಜೊತೆ ಹೋಲಿಸಿ ನೋಡುತ್ತಿದ್ದರು. ನಾನು ಎದುರಿನ ಕುರ್ಚಿಯಲ್ಲಿದ್ದೆ.

‘ಅಣ್ಣಾರ, ಮಾರ್ಚ್‌ತನಕ ಒಂದ ಊರಿಗೆ ಎರಡನೇ ಟ್ರಿಪ್ ಅಂಬೂದ ಇಲ್ಲ. ಏಪ್ರಿಲ್‌ದಾಗ ನಾಕು ಅದಾವು. ಏನಾತು?’

‘ರಕ್ತ ಕೆಡಾಕತ್ತಾವಲ್ರಿ ಅಕ್ಕಾರ.’

‘ಮೊದಲ ಯಾಕ ಕೆಡ್ತಿದ್ದಿಲ್ಲ?’

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಕ್ಕನವರು ಸ್ಟಾಕ್ ರಿಜಿಸ್ಟರ್ ಎಳೆದು ತೆಗೆದರು. ಮಾರ್ಚ್ ಕೊನೆಯ ವಾರದ ಪುಟ. ನಮ್ಮಲ್ಲಿ ಮಾರ್ಚ್ ಅಂದರೆ ಗೊತ್ತಲ್ಲ, 31ರೊಳಗೆ ಹಣ ಖರ್ಚಾಗಬೇಕು. ಖರ್ಚು ಮಾಡಿದ್ದಕ್ಕೆ ಬಳಕೆ ಪ್ರಮಾಣಪತ್ರ ಕಳಿಸಬೇಕು, 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ. ಆ ವಾರ ಬಂದದ್ದು ಒಂದೇ ದೊಡ್ಡ ಸಾಮಾನು. ಡೀಪ್ ಫ್ರೀಜರ್.

‘ಇದು ಬಂದ ಮ್ಯಾಲ ಶುರು ಆಗೇತಿ ನೋಡ್ರಿ’ ಅಂದರು ಅಕ್ಕನವರು.

ಆಗ ಅಣ್ಣ ಹೇಳಿದರು. ‘ಹೌದ್ರಿ. ಮೊದಲ ಹಳೇ ಫ್ರಿಜ್‌ದಾಗ ಇಡ್ತಿದ್ವಿ. ಐಸ್ ಪ್ಯಾಕ್ ಅರ್ಧ ನೀರ, ಅರ್ಧ ಗಡ್ಡಿ ಇರ್ತಿತ್ತು. ಈಗ ಕಲ್ಲ ಆಗಿರ್ತಾವ. ಮುಂಜಾನೆ ಫ್ರೀಜರ್‌ನಿಂದ ತಗದು ಸೀದಾ ಡಬ್ಬಿಗೆ ಹಾಕ್ತೀವಿ. ಲಸಿಕಿ ಒಯ್ಯೂ ಮುಂದ ನಾವು ಹಂಗ ಹಾಕ್ತಿದ್ದಿಲ್ರಿ. ಬೆವರಿಸಿ ಹಾಕ್ತಿದ್ವಿ. ಇಲ್ಲಾಂದ್ರ ಲಸಿಕಿ ಹೆಪ್ಪಾಗಿ ಸಾಯ್ತಾವ ಅಂತ ನರ್ಸ್ ಅಕ್ಕಾರು ಬೈತಿದ್ರು.’

‘ಬೆವರಿಸೂದು ಅಂದ್ರ?’ ಅಂತ ನಾನು ಕೇಳಿದೆ.

ಅವರು ಎದ್ದು ಹೋಗಿ ಒಂದು ಐಸ್ ಪ್ಯಾಕ್ ತಂದು ಟೇಬಲ್ ಮೇಲೆ ಇಟ್ಟರು. ಬಿಳಿ ಮಂಜು ಹಿಡಿದು ಮರಗಟ್ಟಿತ್ತು. ಇಟ್ಟ ಕಡೆಯೇ ಕಾಗದಕ್ಕೆ ಅಂಟಿಕೊಂಡಿತು. ನಾವು ಕಾದೆವು. ಮೊದಲು ಮಂಜು ಕರಗಿತು. ಆಮೇಲೆ ಮೈತುಂಬ ಹನಿ ಮೂಡಿತು, ಕುದಿಯುವ ಪಾತ್ರೆಯ ಮುಚ್ಚಳದ ಒಳಗೆ ಮೂಡುವ ಹಾಗೆ. ಅಣ್ಣ ಅದನ್ನು ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಸಣ್ಣಗೆ ಕುಲುಕಿದ ಸದ್ದು.

‘ಈ ಸಪ್ಪಳ ಬಂದ ಮ್ಯಾಲೆ ಡಬ್ಬಿಗೆ ಹಾಕಬೇಕ್ರಿ.’

ಲಸಿಕೆ ಕಾರ್ಯಕ್ರಮದಲ್ಲಿ ಇದು ಎಲ್ಲರಿಗೂ ಕಲಿಸುವ ಪಾಠ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಬಿಸಿ ಆದರೆ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ತೀರ ತಣ್ಣಗಾದರೂ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ, ಟಿಡಿ (ಧನುರ್ವಾಯು, ಡಿಫ್ತೀರಿಯಾ) ಇಂಥ ಲಸಿಕೆಗಳು ಕೆಡುತ್ತವೆ ಅನ್ನುವುದು ಡಬ್ಬಿ ಹೊತ್ತವರಿಗೆ ಮಾತ್ರ ಚೆನ್ನಾಗಿ ಗೊತ್ತು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ಸೊನ್ನೆಗಿಂತ ಇಪ್ಪತ್ತು ಡಿಗ್ರಿಯಷ್ಟು ಕೆಳಗಿರುತ್ತದೆ. ಬೆವರಿ ನೀರಿನ ಸದ್ದು ಬರುವಾಗ ಸೊನ್ನೆಯ ಹತ್ತಿರ ಬಂದಿರುತ್ತದೆ. ಅಂಥ ನಾಲ್ಕು ಪ್ಯಾಕ್ ನಾಲ್ಕು ಬದಿಗೆ ಇಟ್ಟು ನಡುವೆ ಲಸಿಕೆ ಇಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಉಪಕೇಂದ್ರಗಳಿಗೆ ಬೈಕಿನಲ್ಲಿ ಲಸಿಕೆ ಒಯ್ಯುವವರಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು. ನೇಮಕಾತಿ ಆದೇಶ ಇಲ್ಲ, ಪ್ರಮಾಣಪತ್ರ ಇಲ್ಲ. ನಮ್ಮ ಅಣ್ಣ ಆ ಕೆಲಸವನ್ನು ಕಲಘಟಗಿ ಕಡೆ ವರ್ಷಗಟ್ಟಲೆ ಮಾಡಿದ್ದರು.

‘ಮೊದಲೇ ಯಾಕೆ ಹೇಳಲಿಲ್ಲ ಅಣ್ಣ?’ ಅಂದೆ.

‘ಲಸಿಕಿ ಬ್ಯಾರೆ, ರಕ್ತ ಬ್ಯಾರೆ ಅಂತ ತಿಳಕೊಂಡಿದ್ದೆರಿ. ನೀವು ಓದಿದವರು, ಹಂಗ ಒಯ್ಯಬೇಕು ಅಂದ್ರ ಹಂಗ ಇರಬೇಕು ಅಂದುಕೊಂಡೆ. ಮತ್ತ ನನ್ನ ಯಾರೂ ಕೇಳಲಿಲ್ಲಲ್ರಿ.’

ನೀರಿನ ಪ್ರಯೋಗ

ಸೈಂಟಿಸ್ಟ್ ಸರ್‌ಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ರಕ್ತ ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಕೆಳಗೆ ಮಂಜುಗಡ್ಡೆಯಾಗುತ್ತದೆ. ಮಂಜಿನ ಹರಳು ಮೂಡಿದರೆ ಕಣಗಳು ಒಡೆಯುತ್ತವೆ. ಅದಕ್ಕೇ ಸೀರಮ್ ಬೇರೆ ಮಾಡುವ ಮೊದಲು ಇಡೀ ರಕ್ತವನ್ನು ಫ್ರೀಜ್ ಮಾಡಬಾರದು. ಇದು ಅವರಿಗೆ ಗೊತ್ತಿದ್ದ ವಿಷಯ, ಪಾಠವನ್ನೂ ಮಾಡಿದ್ದರು. ಆದರೆ ಡಬ್ಬಿಯೊಳಗೆ ಏನಾಗುತ್ತಿದೆ ಅಂತ ಅವರು ನೋಡಿರಲಿಲ್ಲ. ನೋಡಿದ್ದವರಿಗೆ ರಕ್ತದ ವಿಷಯ ಗೊತ್ತಿರಲಿಲ್ಲ.

ಪರೀಕ್ಷೆ ಮಾಡಲು ಇನ್ನೊಬ್ಬರ ರಕ್ತ ಯಾಕೆ, ನೀರು ಸಾಕು ಅಂದರು. ಅತಿಥಿ ಉಪನ್ಯಾಸಕರಾಗಿದ್ದ ದಿನಗಳ ಬುದ್ಧಿ ಅದು. ಎರಡು ಡಬ್ಬಿ ತೆಗೆದುಕೊಂಡರು. ಒಂದಕ್ಕೆ ಫ್ರೀಜರ್‌ನಿಂದ ತೆಗೆದ ಪ್ಯಾಕ್ ಸೀದಾ. ಇನ್ನೊಂದಕ್ಕೆ ಅಣ್ಣ ಬೆವರಿಸಿ ಕೊಟ್ಟ ಪ್ಯಾಕ್. ಎರಡರಲ್ಲೂ ನೀರು ತುಂಬಿದ ಟ್ಯೂಬುಗಳ ಸ್ಟ್ಯಾಂಡ್. ಅಣ್ಣ ಎರಡನ್ನೂ ಗಾಡಿಯಲ್ಲಿಟ್ಟು ಕಲಘಟಗಿಗೆ ಹೋಗಿ ವಾಪಸ್ ಬಂದರು. ನಾವೆಲ್ಲ ಬಾಗಿಲಲ್ಲೇ ನಿಂತಿದ್ದೆವು. ಡೇಟಾ ತಮ್ಮನೂ ಕಂಪ್ಯೂಟರ್ ಬಿಟ್ಟು ಬಂದಿದ್ದ.

ಮೊದಲ ಡಬ್ಬಿ ತೆರೆದರು. ಸ್ಟ್ಯಾಂಡಿನ ನಡುವಿನ ಟ್ಯೂಬುಗಳಲ್ಲಿ ನೀರು ನೀರಾಗಿಯೇ ಇತ್ತು. ಅಂಚಿನವು, ಪ್ಯಾಕಿಗೆ ತಾಗಿ ನಿಂತವು, ಗಾಜಿನ ಹರಳಿನ ಹಾಗೆ ಗಟ್ಟಿ. ಒಂದನ್ನು ತಲೆಕೆಳಗೆ ಮಾಡಿದರೂ ಹನಿ ಬೀಳಲಿಲ್ಲ. ಎರಡನೇ ಡಬ್ಬಿಯಲ್ಲಿ ಎಲ್ಲ ಟ್ಯೂಬಿನಲ್ಲೂ ನೀರು ತಣ್ಣಗೆ ಅಲ್ಲಾಡುತ್ತಿತ್ತು.

ಟೆಕ್ನಿಷಿಯನ್ ಹುಡುಗಿ ಮೆಲ್ಲಗೆ ಹೇಳಿದಳು. ‘ಸರ್, ನಾನು ಮೊದಲು ತೆಗೆದ ಟ್ಯೂಬ್ ನಡುವೆ ಇಡ್ತೀನಿ. ಕೊನೇಗೆ ತೆಗೆದದ್ದು ಅಂಚಿಗೆ ಬರ್ತಾವ.’

ಕೊನೆಯ ನಂಬರುಗಳ ಗುಟ್ಟು ಅದು. ದಣಿವೂ ಅಲ್ಲ, ಅವಸರವೂ ಅಲ್ಲ. ಡೇಟಾ ತಮ್ಮನ ಹಾಳೆಯಲ್ಲಿದ್ದ ಅಂಕಿ ನಿಜವೇ ಆಗಿತ್ತು. ಅದಕ್ಕೆ ನಾವು ಕೊಟ್ಟ ಅರ್ಥ ಸುಳ್ಳಾಗಿತ್ತು. ಡಬ್ಬಿಯಲ್ಲಿ ಯಾವ ಟ್ಯೂಬ್ ಎಲ್ಲಿ ಕೂರುತ್ತದೆ ಅಂತ ಆಕೆಯನ್ನೂ ಯಾರೂ ಕೇಳಿರಲಿಲ್ಲ.

ಸರ್ ಇನ್ನೊಂದು ಲೋಪವನ್ನೂ ಹುಡುಕಿದರು. ಸೀರಮ್ಮಿಗೆ ತೆಗೆದ ರಕ್ತ ಸುಮಾರು ಅರ್ಧ ಗಂಟೆ ಡಬ್ಬಿಯ ಹೊರಗೆ, ಕೋಣೆಯ ಉಷ್ಣತೆಯಲ್ಲಿ ನಿಂತು ಹೆಪ್ಪುಗಟ್ಟಬೇಕು. ಮೊದಲ ಟ್ಯೂಬುಗಳಿಗೆ ಆ ಹೊತ್ತು ಸಿಗುತ್ತಿತ್ತು. ಕೊನೆಯವು ತೆಗೆದ ಕೂಡಲೇ ಡಬ್ಬಿ ಸೇರುತ್ತಿದ್ದವು. ಗಾಡಿ ಹೊರಡುವ ಹೊತ್ತನ್ನು ನಿಗದಿ ಮಾಡಿದ್ದು ಕಚೇರಿ, ಅಂದರೆ ನಾನು.

ಮುಂದಿನ ವಾರದಿಂದ ಕ್ರಮ ಬದಲಾಯಿತು. ಪ್ಯಾಕ್ ಹೊರಗೆ ತೆಗೆದ ಸಮಯ, ನೀರಿನ ಸದ್ದು ಬಂದ ಸಮಯ ಎರಡನ್ನೂ ಫಾರಂನಲ್ಲಿ ಬರೆಯಬೇಕು. ಟ್ಯೂಬಿಗೂ ಪ್ಯಾಕಿಗೂ ನಡುವೆ ದಪ್ಪ ರಟ್ಟು. ಡಬ್ಬಿಯೊಳಗೆ ಒಂದು ಥರ್ಮಾಮೀಟರ್. ಕೊನೆಯ ಟ್ಯೂಬ್ ಅರ್ಧ ಗಂಟೆ ನಿಂತ ಮೇಲೆಯೇ ಗಾಡಿ ಹೊರಡಬೇಕು. ಆ ವಾರದ ಸೀರಮ್ ತೆಳು ಹಳದಿಯಾಗಿ ಬಂತು. ಒಂದು ಮಾತ್ರ ತುಸು ಗುಲಾಬಿ ಇತ್ತು. ಆ ತಾಯಿಯ ನರ ಸಿಗುವುದೇ ಕಷ್ಟ ಅಂತ ಆಕೆ ಮೊದಲೇ ಬರೆದಿಟ್ಟಿದ್ದಳು. ಆ ತಾಯಿಗೆ ಮತ್ತೆ ಚುಚ್ಚುವುದು ಬೇಡ ಅಂತ ಡಾಕ್ಟರು ತೀರ್ಮಾನಿಸಿದರು. ನನಗೆ ಅದು ಸರಿ ಅನ್ನಿಸಿತು.

ಸಮಿತಿಯ ಮುಂದೆ

ಎರಡನೇ ಸಲ ರಕ್ತ ತೆಗೆದದ್ದು ಒಪ್ಪಿಗೆ ಪಡೆದ ಯೋಜನೆಯಲ್ಲಿ ಇರಲಿಲ್ಲ. ಹಾಗಾಗಿ ಸಂಶೋಧನೆಗೆ ಒಳಪಡುವವರ ಹಿತ ಕಾಯುವ ನೈತಿಕ ಸಮಿತಿಗೆ ವರದಿ ಕೊಡಬೇಕಾಯಿತು. ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಸಮಿತಿಯಲ್ಲಿ ಕಡಿಮೆ ಅಂದರೂ ಏಳು ಜನ ಇರಬೇಕು. ಅಧ್ಯಕ್ಷರು ಹೊರಗಿನವರೇ ಆಗಬೇಕು. ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು ಮತ್ತು ಒಬ್ಬರು ಸಾಮಾನ್ಯ ನಾಗರಿಕರು ಇರಬೇಕು. ನಮ್ಮ ಸಮಿತಿಯ ಆ ನಾಗರಿಕರು ನಿವೃತ್ತ ಶಾಲಾ ಶಿಕ್ಷಕಿ. ಡಾಕ್ಟರುಗಳು ಫೆರಿಟಿನ್ ಬಗ್ಗೆ ಕೇಳಿದರು. ಇವರು ಕೇಳಿದ್ದು ಒಂದೇ ಮಾತು.

‘ಎರಡನೇ ಸಲ ಚುಚ್ಚುವಾಗ ಆ ಹೆಣ್ಣುಮಕ್ಕಳಿಗೆ ಏನಂತ ಹೇಳಿದ್ರಿ?’

‘ಸ್ಯಾಂಪಲ್ ಕೆಟ್ಟಿದೆ ಅಂತ ಹೇಳಿದ್ವಿ’ ಅಂದೆ.

‘ನಮ್ಮಿಂದ ಕೆಟ್ಟಿದೆ ಅಂತ ಹೇಳಿದ್ರಾ?’

ಹೇಳಿರಲಿಲ್ಲ. ಸಮಿತಿಯ ಸೂಚನೆಯಂತೆ ಆ ಮನೆಗಳಿಗೆಲ್ಲ ಮತ್ತೆ ಹೋಗಿ ಹೇಳಿ ಬಂದೆವು. ಕಟ್ಟೆಯ ಮನೆಯ ಅತ್ತೆಗೆ ಐಸ್ ಪ್ಯಾಕಿನ ಕಥೆ ಹೇಳಿದವರು ಅಣ್ಣ. ಅವರು ಅದನ್ನು ತಮ್ಮ ಮಾತಿನಲ್ಲಿ, ಮೊಸರು ಹೆಪ್ಪು ಹಾಕುವ ಹದಕ್ಕೆ ಹೋಲಿಸಿ ಹೇಳಿದರು. ಆ ಅತ್ತೆ ಕೇಳಿಸಿಕೊಂಡರು. ಮೂರನೇ ಸಲದ ರಕ್ತಕ್ಕೆ ಸೊಸೆಯನ್ನು ತಾವೇ ಕರೆದುಕೊಂಡು ಬಂದರು.

ಫೈಲು

ಟೆಕ್ನಿಷಿಯನ್ ಬಗ್ಗೆ ಬರೆದ ಟಿಪ್ಪಣಿಯನ್ನು ಡಾಕ್ಟರ ಸಹಿಯೊಂದಿಗೆ ಹಿಂದಕ್ಕೆ ಪಡೆದೆವು. ಸುಮ್ನೆ ಹರಿದು ಹಾಕಲಿಲ್ಲ. ತಪ್ಪು ಆಕೆಯದಲ್ಲ, ಕಾರಣ ಇಂಥದ್ದು ಅಂತ ಅದೇ ಹಾಳೆಯ ಮೇಲೆ ಬರೆಸಿದೆ. ಆಕೆಯನ್ನು ಕರೆದು ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ ಮೇಡಂ’ ಅಂದಳು. ಸಲೀಸಾಗಿ ಹೇಳಿದ ಮಾತಾಗಿರಲಿಲ್ಲ ಅದು. ಆ ಮೂರು ವಾರ ಆಕೆ ಊಟದ ಡಬ್ಬಿಯನ್ನು ನಮ್ಮ ಜೊತೆ ಬಿಚ್ಚಿರಲಿಲ್ಲ.

ಆಮೇಲೆ ಎಲ್ಲರ ಮಾಹಿತಿ ಫಾರಂ ತೆಗೆದು ಕೂತೆ. ಲೆಕ್ಕದ ಅಕ್ಕನವರ ಸಂಘದ ವರ್ಷಗಳು ‘ಸಂಬಂಧಿತ ಅಲ್ಲ’ ಅಂತ ಇದ್ದವು. ಡೇಟಾ ತಮ್ಮನ ಡಿಟಿಪಿ ಅಂಗಡಿಯ ಸುದ್ದಿಯೇ ಇರಲಿಲ್ಲ. ಅಣ್ಣನದು ನನ್ನ ಕೈಬರಹದ ‘ಇಲ್ಲ’. ನೇಮಕಾತಿಗೆ ನಿಯಮ ಬೇಕು, ಅದನ್ನು ನಾನು ಒಪ್ಪುತ್ತೇನೆ. ಪ್ರಮಾಣಪತ್ರ ಕೇಳದೇ ಹೋದರೆ ಯಾರು ಯಾರನ್ನೋ ತುಂಬಬಹುದು. ಆದರೆ ಸೇರಿದ ಮೇಲಾದರೂ ಈ ಮನುಷ್ಯರಿಗೆ ಏನೇನು ಗೊತ್ತು ಅಂತ ಕೇಳಿ ಬರೆದಿಡಲು ಯಾವ ನಿಯಮ ಅಡ್ಡ ಬರುತ್ತದೆ? ಒಂದು ಹೊಸ ಹಾಳೆ ಮಾಡಿದೆ. ಕೇಳಿದ್ದು ಎರಡೇ ಪ್ರಶ್ನೆ. ‘ಇಲ್ಲಿಗೆ ಬರುವ ಮೊದಲು ಕೈಯಾರೆ ಏನೇನು ಮಾಡಿದ್ದೀರಿ? ಅದರಲ್ಲಿ ಏನು ಕೆಟ್ಟರೆ ನಿಮಗೆ ಬೈಗುಳ ಬೀಳುತ್ತಿತ್ತು?’ ಎರಡನೇ ಪ್ರಶ್ನೆಯನ್ನು ಅಣ್ಣನ ಮಾತಿನಿಂದಲೇ ತೆಗೆದುಕೊಂಡೆ. ಬಂದ ಉತ್ತರಗಳನ್ನು ಓದಿ ಡಾಕ್ಟರು ಆ ಸಂಜೆ ಮನೆಗೆ ತಡವಾಗಿ ಹೋದರು.

ಕರ್ನಾಟಕಕ್ಕೆ ಮಂಗನ ಕಾಯಿಲೆಯ ನೆನಪಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಮಾಡಿದರು. ಆ ಕಾಡಿನಿಂದ ಪುಣೆಯವರೆಗೆ ಸ್ಯಾಂಪಲ್ ಕೆಡದಂತೆ ಯಾರೋ ಹೊತ್ತು ಒಯ್ದಿರಲೇಬೇಕು. ಅವರ ಬಗ್ಗೆ ಈಚೆಗೆ ನಾನು ಬಹಳ ಯೋಚಿಸುತ್ತೇನೆ.

ಪ್ರಾಜೆಕ್ಟ್ ಮುಗಿಯುವ ಹೊತ್ತು ಬಂತು. ಹೊರಗುತ್ತಿಗೆ ಏಜೆನ್ಸಿ ಅಣ್ಣನಿಗೆ ಕೊಟ್ಟ ಪತ್ರದಲ್ಲಿ ‘ವಹಿಸಿದ ಕೆಲಸಗಳನ್ನು ನಿರ್ವಹಿಸಿದ್ದಾರೆ’ ಅಂತ ಒಂದೇ ಸಾಲು. ನಾವು ಕಚೇರಿಯಿಂದ ಬೇರೆ ಪತ್ರ ಬರೆದೆವು, ಡಾಕ್ಟರ ಸಹಿ, ಮೊಹರಿನ ಜೊತೆ. ಜೈವಿಕ ಮಾದರಿಗಳ ಶೀತಲ ಸಾಗಣೆ, ಐಸ್ ಪ್ಯಾಕ್ ಹದಗೊಳಿಸುವುದು, ಡಬ್ಬಿಯ ಉಷ್ಣತೆಯ ದಾಖಲೆ, ಹೊಸಬರಿಗೆ ತರಬೇತಿ ಕೊಟ್ಟದ್ದು, ಎಲ್ಲ ಬರೆದೆವು. ಅಣ್ಣ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ‘ಹದಗೊಳಿಸುವುದು’ ಅನ್ನುವ ಪದದ ಮೇಲೆ ಬೆರಳಿಟ್ಟರು.

‘ಇದು ಬೆವರಿಸೂದ ಹೌದಲ್ರಿ ಅಕ್ಕಾರ?’

‘ಹೌದಣ್ಣ.’

‘ಹಂಗಾರ ಅದನ್ನ ಬರೀರಿ. ನಾಳೆ ಯಾರರ ಕೇಳಿದ್ರ ನನಗ ಹೇಳಾಕ ಬರಬೇಕಲ್ರಿ.’

ಡೇಟಾ ತಮ್ಮ ಆ ಪದ ತಿದ್ದಿ ಮತ್ತೆ ಪ್ರಿಂಟ್ ತೆಗೆದ. ಡಾಕ್ಟರು ಇನ್ನೊಮ್ಮೆ ಸಹಿ ಹಾಕಿದರು. ಅಣ್ಣ ಅದರ ಮೂರು ಜೆರಾಕ್ಸ್ ಮಾಡಿಸಿದರು. ಒಂದನ್ನು ನಮ್ಮ ಫೈಲಿಗೆ ಕೊಟ್ಟರು, ‘ಇಲ್ಲ’ ಅಂತ ಬರೆದಿದ್ದ ಹಾಳೆಯ ಮೇಲೆಯೇ ಅದನ್ನು ಪಿನ್ ಮಾಡಿದೆ.